ಹಳೆಯ ಕಾರಿನ ಪವರ್ ಸ್ಟಿಯರಿಂಗ್: ದೀಪವಿಲ್ಲದ ಆಯಿಲನ್ನು ನೋಡಿಕೊಳ್ಳುವ ಬಗೆ

ಎಂಜಿನ್ ಆಯಿಲಿನ ಒತ್ತಡ ಇಳಿದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಬ್ರೇಕ್ ಆಯಿಲ್ ಕಡಿಮೆಯಾದರೂ ಹಾಗೆಯೇ. ಪವರ್ ಸ್ಟಿಯರಿಂಗಿನ ಆಯಿಲಿಗೆ ಮಾತ್ರ ಬಹುತೇಕ ಹಳೆಯ ಕಾರುಗಳಲ್ಲಿ ಇಂಥ ದೀಪವಿಲ್ಲ. ಅದು ತನ್ನಷ್ಟಕ್ಕೆ ಕಪ್ಪಾಗುತ್ತದೆ, ತನ್ನಷ್ಟಕ್ಕೆ ಸೋರುತ್ತದೆ. ನಮ್ಮ ಕಿವಿಗೆ ಸದ್ದು ಬೀಳುವ ಹೊತ್ತಿಗೆ ಪಂಪು ಸವೆಯತೊಡಗಿರುತ್ತದೆ. ಸರ್ವಿಸ್ ಬಿಲ್ಲಿನಲ್ಲಿ ಎಂಜಿನ್ ಆಯಿಲ್, ಫಿಲ್ಟರ್, ಕೂಲಂಟ್ ಎಲ್ಲವೂ ಇದ್ದು ಸ್ಟಿಯರಿಂಗ್ ಆಯಿಲಿನ ಸಾಲೇ ಇಲ್ಲದಿರುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ನನ್ನದೂ ಸೇರಿ ಹದಿನೈದು ವರ್ಷ ದಾಟಿ, ಹಸಿರು ತೆರಿಗೆ ಕಟ್ಟಿ, ನೋಂದಣಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿಕೊಂಡ ಕಾರುಗಳು ಕೆಲವಿವೆ. ಅಂಥ ಕಾರುಗಳ ಒಡೆಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಕಾರಿನಲ್ಲಿರುವುದು ಯಾವ ಬಗೆಯ ಪವರ್ ಸ್ಟಿಯರಿಂಗ್ ಎಂದು ತಿಳಿದುಕೊಳ್ಳಬೇಕು. ಬಾನೆಟ್ ತೆರೆದಾಗ ಸ್ಟಿಯರಿಂಗ್ ಚಿತ್ರವಿರುವ ಮುಚ್ಚಳದ ಸಣ್ಣ ಆಯಿಲ್ ಡಬ್ಬಿ ಕಂಡರೆ ಅದು ಹೈಡ್ರಾಲಿಕ್, ಅಂದರೆ ಆಯಿಲ್ ಒತ್ತಡದಿಂದ ಕೆಲಸ ಮಾಡುವಂಥದ್ದು. ಹಳೆಯ ಇನ್ನೋವಾ, ಹಳೆಯ ಸ್ಕಾರ್ಪಿಯೋ, 1998ರಲ್ಲಿ ಭಾರತಕ್ಕೆ ಬಂದ ಮೊದಲ ಹೋಂಡಾ ಸಿಟಿ ಈ ಗುಂಪಿನವು. ಡಬ್ಬಿಯೇ ಇಲ್ಲದಿದ್ದರೆ ಅದು ವಿದ್ಯುತ್ ಮೋಟರಿನಿಂದ ನಡೆಯುವ ಸ್ಟಿಯರಿಂಗ್ ಆಗಿರುವ ಸಂಭವ ಹೆಚ್ಚು. ಅದಕ್ಕೆ ಆಯಿಲೂ ಬೇಡ, ಬೆಲ್ಟೂ ಬೇಡ. ಅಂಥ ಕಾರಿನಲ್ಲಿ ಬ್ಯಾಟರಿಯ ಆರೋಗ್ಯ ಮತ್ತು ಎಚ್ಚರಿಕೆಯ ದೀಪದ ಮೇಲೆ ಗಮನವಿಟ್ಟರೆ ಬಹುಪಾಲು ಸಾಕು.

ಆಯಿಲ್ ಮಾಡುವ ಕೆಲಸ ಯಾವುದು?

ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ ಇಂಥ ವ್ಯವಸ್ಥೆಯೊಂದನ್ನು ಕಾರಿಗೆ ಅಳವಡಿಸಿ ತೋರಿಸಿದ್ದು 1926ರಲ್ಲಿ. ಮಾರಾಟದ ಕಾರಿನಲ್ಲಿ ಅದು ಬಂದದ್ದು 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಮೂಲ ತತ್ವ ಇಂದಿಗೂ ಅದೇ. ಎಂಜಿನ್ ತಿರುಗಿದಾಗ ಬೆಲ್ಟಿನ ಮೂಲಕ ಪಂಪು ತಿರುಗುತ್ತದೆ, ಪಂಪು ಆಯಿಲನ್ನು ಗಟ್ಟಿ ಹೋಸ್ ಮೂಲಕ, ಮುಂದಿನ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ದಂಡವಿರುವ ಸ್ಟಿಯರಿಂಗ್ ರ‍್ಯಾಕಿಗೆ ತಳ್ಳುತ್ತದೆ, ನಾವು ಸ್ಟಿಯರಿಂಗ್ ತಿರುಗಿಸಿದ ದಿಕ್ಕನ್ನು ಅಲ್ಲಿರುವ ವಾಲ್ವು ಗ್ರಹಿಸಿ ರ‍್ಯಾಕಿನ ಒಳಗಿನ ಪಿಸ್ಟನ್ನಿನ ಒಂದು ಬದಿಗೆ ಆಯಿಲನ್ನು ಬಿಡುತ್ತದೆ, ಆ ಒತ್ತಡ ನಮ್ಮ ತೋಳಿನ ಬಲಕ್ಕೆ ಬಲ ಸೇರಿಸುತ್ತದೆ. ಕೆಲಸ ಮುಗಿಸಿದ ಆಯಿಲ್ ಮತ್ತೊಂದು ಹೋಸ್ ಹಿಡಿದು ಡಬ್ಬಿಗೆ ಮರಳುತ್ತದೆ. ಟಯರಿನೊಳಗಿನ ಗಾಳಿಯ ಒತ್ತಡ ಸುಮಾರು 2 ಬಾರ್ ಆದರೆ, ಸ್ಟಿಯರಿಂಗನ್ನು ಒಂದು ಬದಿಗೆ ಕೊನೆಯವರೆಗೆ ತಿರುಗಿಸಿದಾಗ ಈ ಗಟ್ಟಿ ಹೋಸಿನೊಳಗೆ 70 ಬಾರ್‌ಗೂ ಮೀರಿದ ಒತ್ತಡ ಏಳಬಲ್ಲದು. ಅದೇ ಆಯಿಲ್ ಪಂಪಿಗೆ ನಯವನ್ನೂ ಕೊಡಬೇಕು, ಬಿಸಿಯನ್ನೂ ಹೊತ್ತೊಯ್ಯಬೇಕು. ಇಷ್ಟೆಲ್ಲ ಹೊರೆ ಹೊರುವ ದ್ರವವನ್ನು ಹತ್ತು ವರ್ಷ ಬದಲಿಸದೆ ಬಿಡುವುದು ನ್ಯಾಯವಲ್ಲ.

2023ರ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆಗಳಿಂದ ಮರೆಯಾದ ಪದ್ಮಿನಿ ಟ್ಯಾಕ್ಸಿಗಳಲ್ಲಿ ಪವರ್ ಸ್ಟಿಯರಿಂಗ್ ಇರಲಿಲ್ಲ. ಗಿರಗಾಂವಿನ ಕಿರುಗಲ್ಲಿಗಳಲ್ಲಿ ಆ ಚಾಲಕರು ಹೆಗಲು ಕೊಟ್ಟು ಸ್ಟಿಯರಿಂಗ್ ತಿರುಗಿಸುತ್ತಿದ್ದುದನ್ನು ನೋಡಿದವರಿಗೆ ಈ ಆಯಿಲಿನ ಬೆಲೆ ಬೇರೆಯಾಗಿ ಹೇಳಬೇಕಿಲ್ಲ.

ಮಟ್ಟ, ಬಣ್ಣ, ವಾಸನೆ

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ತಣ್ಣಗಿರುವಾಗ ಡಬ್ಬಿಯ ಮುಚ್ಚಳದ ಸುತ್ತಲಿನ ಧೂಳನ್ನು ಮೊದಲು ಬಟ್ಟೆಯಿಂದ ಒರೆಸಬೇಕು. ಹೀಗೆ ಒರೆಸದೆ ಮುಚ್ಚಳ ತೆರೆದರೆ ಒಳಗೆ ಬೀಳುವ ಒಂದು ಚಿಟಿಕೆ ಮರಳೂ ಪಂಪನ್ನು ಗೀರಬಲ್ಲದು. ಡಬ್ಬಿಯ ಮೇಲೋ ಮುಚ್ಚಳಕ್ಕೆ ಅಂಟಿದ ಕಡ್ಡಿಯ ಮೇಲೋ ಕನಿಷ್ಠ ಮತ್ತು ಗರಿಷ್ಠ ಮಟ್ಟದ ಗೆರೆಗಳಿರುತ್ತವೆ. ಕೆಲವು ಕಾರುಗಳಲ್ಲಿ ತಣ್ಣಗಿರುವಾಗ ನೋಡಬೇಕಾದ ಗೆರೆಯೇ ಬೇರೆ, ಬಿಸಿಯಾದ ಮೇಲೆ ನೋಡಬೇಕಾದ ಗೆರೆಯೇ ಬೇರೆ. ಇದು ಮುಚ್ಚಿದ ವ್ಯವಸ್ಥೆ, ಇಲ್ಲಿ ಆಯಿಲ್ ಉರಿದುಹೋಗುವುದಿಲ್ಲ. ಆದ್ದರಿಂದ ಮಟ್ಟ ಇಳಿದಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ತಿಳಿಯಬೇಕು. ಮೇಲಿಂದ ತುಂಬಿಸಿ ಸುಮ್ಮನಾಗುವುದು ಪರಿಹಾರವಲ್ಲ.

ಬಳಿಕ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ನೋಡಿ. ಹೊಸದರಲ್ಲಿ ಕೆಂಪಗಿದ್ದ ಆಯಿಲ್ ಕಂದಾಗಿದ್ದರೆ ಬದಲಿಸುವ ಕಾಲ ಬಂದಿದೆ. ಕಪ್ಪಾಗಿದ್ದರೆ ಹೋಸಿನ ರಬ್ಬರ್ ಒಳಗಿನಿಂದ ಕರಗುತ್ತಿರಬಹುದು. ಬಿಸಿಲಿಗೆ ಹಿಡಿದಾಗ ಲೋಹದ ಪುಡಿ ಮಿನುಗಿದರೆ ಪಂಪಿನ ಸವೆತ ಶುರುವಾಗಿದೆ. ನೊರೆಯಿದ್ದರೆ ಗಾಳಿ ಸೇರಿಕೊಂಡಿದೆ. ಕುರ್ಲಾದಲ್ಲಿ ಗ್ಯಾರೇಜ್ ನಡೆಸುವ ವಿಜಯಪುರ ಕಡೆಯ ಹಿರಿಯ ಮೆಕ್ಯಾನಿಕರೊಬ್ಬರು ಕಣ್ಣಿಗಿಂತ ಮೂಗನ್ನೇ ಹೆಚ್ಚು ನಂಬುತ್ತಾರೆ. "ಸರ, ಎಣ್ಣಿ ಮೂಸಿ ನೋಡ್ರಿ. ಸುಟ್ಟ ವಾಸನಿ ಬಂತಂದ್ರ ಒಳಗ ಬ್ಯಾನಿ ಐತಿ ಅಂತ ತಿಳಕೋರಿ" ಎಂದು ಅವರು ನನಗೆ ಕಲಿಸಿದ ಪಾಠ ಈವರೆಗೆ ತಪ್ಪಿಲ್ಲ.

ಯಾವ ಆಯಿಲ್ ಹಾಕಬೇಕು ಎಂಬಲ್ಲಿ ಊಹೆಗೆ ಎಡೆಯಿಲ್ಲ. ಡಬ್ಬಿಯ ಮುಚ್ಚಳದ ಮೇಲೆ ಅಥವಾ ಕಾರಿನ ಕೈಪಿಡಿಯಲ್ಲಿ ಅದು ಬರೆದಿರುತ್ತದೆ. ಅನೇಕ ಕಾರುಗಳಿಗೆ ಡೆಕ್ಸ್ರಾನ್ ದರ್ಜೆಯ ಕೆಂಪು ಎ.ಟಿ.ಎಫ್. (ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಆಯಿಲ್) ನಡೆಯುತ್ತದೆ, ಹೋಂಡಾ ತನ್ನದೇ ಬೇರೆ ದ್ರವವನ್ನು ಕೇಳುತ್ತದೆ, ಯುರೋಪಿನ ಕೆಲವು ಕಾರುಗಳು ಹಸಿರು ಬಣ್ಣದ ಸಿಂಥೆಟಿಕ್ ದ್ರವವನ್ನು ಕೇಳುತ್ತವೆ; ಇವನ್ನು ಬೆರೆಸಬಾರದು. ಬ್ರೇಕ್ ಆಯಿಲನ್ನಂತೂ ಒಂದು ಹನಿಯೂ ಹಾಕಬಾರದು. ಕೆಲವು ವರ್ಷಗಳ ಹಿಂದೆ ರಸ್ತೆಬದಿಯ ಗ್ಯಾರೇಜೊಂದರಲ್ಲಿ ನನ್ನ ಕಾರಿನ ಸ್ಟಿಯರಿಂಗ್ ಡಬ್ಬಿಗೆ ಬ್ರೇಕ್ ಆಯಿಲ್ ಸುರಿದುಬಿಟ್ಟಿದ್ದರು. ಸಾಮಾನ್ಯ ಬ್ರೇಕ್ ಆಯಿಲ್ ಗ್ಲೈಕಾಲ್ ಮೂಲದ್ದು, ಸ್ಟಿಯರಿಂಗಿನ ಸೀಲುಗಳು, ಅಂದರೆ ಸೋರಿಕೆ ತಡೆಯುವ ರಬ್ಬರ್ ಉಂಗುರಗಳು, ಖನಿಜ ತೈಲಕ್ಕೆಂದು ಮಾಡಿದವು. ಕೆಲವೇ ವಾರಗಳಲ್ಲಿ ಸೀಲುಗಳು ಊದಿ ಮೆತ್ತಗಾಗಿ ರ‍್ಯಾಕಿನ ಎರಡೂ ತುದಿಯಿಂದ ಸೋರತೊಡಗಿತು, ಕೊನೆಗೆ ರ‍್ಯಾಕನ್ನೇ ಬದಲಿಸಬೇಕಾಯಿತು. ಅಂದಿನಿಂದ ಈ ಮುಚ್ಚಳವನ್ನು ನನ್ನ ಕಣ್ಣೆದುರಲ್ಲದೆ ಯಾರೂ ತೆರೆಯಲು ನಾನು ಬಿಡುವುದಿಲ್ಲ.

ಸಿರಿಂಜಿನಿಂದ ಆಯಿಲ್ ಬದಲಿಸುವುದು

ಕೈಪಿಡಿಯಲ್ಲಿ ಬೇರೆ ಅವಧಿ ಹೇಳಿರದಿದ್ದರೆ ಎರಡು ಮೂರು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ಹಳೆಯ ಕಾರಿಗೆ ಒಳ್ಳೆಯದು. ಮನೆಯಲ್ಲೇ ಮಾಡಲು ಅತ್ಯಂತ ಸುರಕ್ಷಿತವಾದ ದಾರಿ ಸಿರಿಂಜಿನದು. ಔಷಧಿ ಅಂಗಡಿಯಲ್ಲಿ ಸಿಗುವ 50 ಮಿಲಿಲೀಟರ್ ಸಿರಿಂಜಿಗೆ ಒಂದು ಗೇಣು ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಡಬ್ಬಿಯಲ್ಲಿರುವ ಹಳೆಯ ಆಯಿಲನ್ನು ಪೂರ್ತಿ ಹೀರಿ ಬಾಟಲಿಗೆ ಹಾಕಿ, ಹೊಸ ಆಯಿಲನ್ನು ಗೆರೆಯವರೆಗೆ ತುಂಬಿಸಬೇಕು. ಡಬ್ಬಿ ಬರಿದಾಗಿರುವಾಗ ಎಂಜಿನ್ ಚಾಲೂ ಮಾಡಲೇಬಾರದು. ತುಂಬಿಸಿದ ಮೇಲೆ ಎಂಜಿನ್ ಚಾಲೂ ಮಾಡಿ ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ಐದಾರು ಬಾರಿ ತಿರುಗಿಸಿ, ಒಂದೆರಡು ದಿನ ಕಾರು ಓಡಿಸಿ, ಇದೇ ಕೆಲಸವನ್ನು ಮತ್ತೆ ಮಾಡಬೇಕು.

ಒಂದೇ ಸಲಕ್ಕೆ ಮುಗಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಡಬ್ಬಿಯಲ್ಲಿರುವುದು ಒಟ್ಟು ಆಯಿಲಿನ ಒಂದು ಭಾಗ ಮಾತ್ರ, ಉಳಿದದ್ದು ಪಂಪು, ಹೋಸ್ ಮತ್ತು ರ‍್ಯಾಕಿನೊಳಗೆ ಇರುತ್ತದೆ. ಡಬ್ಬಿಯಲ್ಲಿ ಮೂರರಲ್ಲಿ ಒಂದು ಪಾಲು ಇದೆ ಎಂದುಕೊಂಡರೆ, ಮೊದಲ ಸಲದ ನಂತರ ಹಳೆಯದು ಶೇಕಡಾ 67ರಷ್ಟು ಉಳಿಯುತ್ತದೆ, ಮೂರನೆಯ ಸಲಕ್ಕೆ ಶೇಕಡಾ 30, ಐದನೆಯ ಸಲಕ್ಕೆ ಶೇಕಡಾ 13. ಒಟ್ಟು ಒಂದು ಲೀಟರ್ ಹಿಡಿಯುವ ವ್ಯವಸ್ಥೆಗೆ ಎರಡು ಲೀಟರ್ ಆಯಿಲ್ ಕೊಂಡಿಟ್ಟುಕೊಂಡರೆ ಐದು ಸಲಕ್ಕೆ ಸಾಕಾಗಿ ಸ್ವಲ್ಪ ಉಳಿಯುತ್ತದೆ. ವಾರಕ್ಕೊಂದು ಭಾನುವಾರದಂತೆ ಐದು ವಾರದಲ್ಲಿ ಮುಗಿಸಬಹುದಾದ ಕೆಲಸವಿದು. ಮರಳುವ ಹೋಸನ್ನು ಬಿಚ್ಚಿ ಒಮ್ಮೆಗೇ ಎಲ್ಲವನ್ನೂ ಹೊರಗೆ ಬಿಡುವ ವಿಧಾನವೂ ಇದೆ. ಅದಕ್ಕೆ ಇಬ್ಬರು ಬೇಕು, ಒಂದು ಕ್ಷಣ ಮೈಮರೆತರೂ ಪಂಪು ಒಣಗಿ ತಿರುಗುವ ಅಪಾಯವಿದೆ, ಹಾಗಾಗಿ ಅದನ್ನು ಅನುಭವಿಗಳಿಗೆ ಬಿಡುವುದು ಲೇಸು.

ಹೊರತೆಗೆದ ಆಯಿಲನ್ನು ಗಟಾರಕ್ಕೆ ಸುರಿಯಬೇಡಿ. ನಮ್ಮ ನಾಲೆಗಳೆಲ್ಲ ಕೊನೆಗೆ ಸೇರುವುದು ಖಾಡಿಯನ್ನು (ಕಡಲ ಹಿನ್ನೀರನ್ನು), ಅಲ್ಲಿಗೆ ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ. ಬಾಟಲಿಯ ಮುಚ್ಚಳ ಬಿಗಿದು, ಬಳಸಿದ ಎಂಜಿನ್ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಗಾಳಿ ಹೊರಗೆ ಬಿಡುವುದು

ಹೋಸ್, ಪಂಪು ಅಥವಾ ರ‍್ಯಾಕ್ ಬಿಚ್ಚಿ ಜೋಡಿಸಿದ ನಂತರ, ಇಲ್ಲವೇ ಮಟ್ಟ ತೀರ ಇಳಿದು ಗಾಳಿ ಎಳೆದುಕೊಂಡಾಗ, ಸ್ಟಿಯರಿಂಗ್ ತಿರುಗಿಸಿದ ಕೂಡಲೇ ನರಳಿದಂಥ ಸದ್ದು ಬರುತ್ತದೆ. ಆಗ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಒತ್ತುಕೊಟ್ಟು, ಮುಂಭಾಗವನ್ನು ಜ್ಯಾಕಿನಿಂದ ಎತ್ತಿ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು; ಬರೀ ಜ್ಯಾಕನ್ನು ನಂಬಬಾರದು. ಎಂಜಿನ್ ಬಂದ್ ಇರುವಾಗಲೇ, ಬೀಗದ ಕೈಯನ್ನು ಸ್ಟಿಯರಿಂಗ್ ಬಿಡುಗಡೆಯಾಗುವಷ್ಟು ಮಾತ್ರ ತಿರುಗಿಸಿ, ಸ್ಟಿಯರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಹದಿನೈದಿಪ್ಪತ್ತು ಬಾರಿ ನಿಧಾನವಾಗಿ ತಿರುಗಿಸಬೇಕು. ಅವಸರ ಮಾಡಿದರೆ ಗಾಳಿ ಸಣ್ಣ ಗುಳ್ಳೆಗಳಾಗಿ ಆಯಿಲಿನಲ್ಲೇ ಕಲಸಿಹೋಗುತ್ತದೆ, ಆಮೇಲೆ ಅದನ್ನು ಬಿಡಿಸುವುದು ಕಷ್ಟ. ನಡುನಡುವೆ ಡಬ್ಬಿ ನೋಡಿ ಆಯಿಲ್ ಸೇರಿಸುತ್ತ, ಗುಳ್ಳೆ ಏಳುವುದು ನಿಂತ ಮೇಲೆ ಎಂಜಿನ್ ಚಾಲೂ ಮಾಡಿ ಇನ್ನೂ ಕೆಲವು ಬಾರಿ ತಿರುಗಿಸಬೇಕು. ನೊರೆ ಉಳಿದಿದ್ದರೆ ಎಂಜಿನ್ ನಿಲ್ಲಿಸಿ ಒಂದು ಗಂಟೆ ಕಾಯುವುದೇ ಒಳ್ಳೆಯ ಮದ್ದು.

ಮಳೆಗಾಲದ ಮುನ್ನ

ಮೇ ತಿಂಗಳಲ್ಲಿ ಮೂರು ರಬ್ಬರ್ ವಸ್ತುಗಳನ್ನು ನೋಡಬೇಕು. ಬೆಲ್ಟಿನಲ್ಲಿ ಬಿರುಕು, ಹೊಳಪು ಅಥವಾ ಆಯಿಲಿನ ಪಸೆ ಇದ್ದರೆ ಬದಲಿಸಬೇಕು. ಬೆಳಗ್ಗೆ ಎಂಜಿನ್ ಚಾಲೂ ಮಾಡಿದಾಗ ಕೀರಲು ಸದ್ದು ಬರುವುದು ಸಡಿಲವಾದ ಬೆಲ್ಟಿನ ಗುರುತು. ಗಟ್ಟಿ ಹೋಸಿನ ಲೋಹದ ಕೊರಳಿನ ಬಳಿ ಒದ್ದೆ ಕಂಡರೆ ಹೊಸ ಹೋಸ್ ಹಾಕಿಸಬೇಕು, ಕ್ಲಿಪ್ ಬಿಗಿದು ತೇಪೆ ಹಾಕುವುದು ಅಷ್ಟೊಂದು ಒತ್ತಡದ ಮುಂದೆ ನಿಲ್ಲುವುದಿಲ್ಲ.

ಮೂರನೆಯದು ರ‍್ಯಾಕಿನ ಎರಡೂ ತುದಿಗಳಲ್ಲಿರುವ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್. ಮುಂಬಯಿಯಲ್ಲಿ ಹೆಚ್ಚು ಹಾನಿ ಆರಂಭವಾಗುವುದು ಇಲ್ಲಿಂದಲೇ ಎಂದು ನನ್ನ ಅನುಭವ. ಬೂಟಿನಲ್ಲಿ ಬೆರಳಗಲ ಹರಿದಿದ್ದರೂ ಹಿಂದ್‌ಮಾತಾದ ಬಳಿಯೋ ಮಿಲನ್ ಸಬ್‌ವೇಯಲ್ಲೋ ನಿಂತ ನೀರು ಒಳಹೊಕ್ಕು, ಕನ್ನಡಿಯಂತೆ ನುಣುಪಾಗಿರಬೇಕಾದ ರ‍್ಯಾಕಿನ ದಂಡ ತುಕ್ಕು ಹಿಡಿಯುತ್ತದೆ. ಆ ತುಕ್ಕು ಪ್ರತಿ ತಿರುವಿನಲ್ಲೂ ಸೀಲನ್ನು ಗರಗಸದಂತೆ ಕೊಯ್ಯುತ್ತದೆ. ಬೂಟನ್ನು ಮೆಲ್ಲಗೆ ಹಿಸುಕಿ ನೋಡಿ, ಒಳಗೆ ಆಯಿಲ್ ತುಳುಕಿದರೆ ಸೀಲು ಹೋಗಿದೆ. ಬರೀ ಹರಿದಿರುವಾಗಲೇ ಬೂಟ್ ಬದಲಿಸಿದರೆ ಖರ್ಚು ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುತ್ತದೆ, ಬಿಟ್ಟರೆ ರ‍್ಯಾಕಿಗೆ ಸಾವಿರಗಟ್ಟಲೆ ತೆರಬೇಕು. ಕುರ್ಲಾದ ಸಿ.ಎಸ್.ಟಿ. ರಸ್ತೆಯಲ್ಲಿ ಹಳೆಯ ರ‍್ಯಾಕ್ ಕೊಳ್ಳುವವರು ಮೊದಲು ಬೂಟ್ ಸರಿಸಿ ದಂಡದ ಮೇಲೆ ಉಗುರು ಎಳೆದು ನೋಡಬೇಕು. ಉಗುರು ಎಲ್ಲಾದರೂ ತಡೆದರೆ, ಹೊಸ ಸೀಲ್ ಕಿಟ್ ಹಾಕಿದರೂ ಅದು ಬಾಳುವುದಿಲ್ಲ.

ಓಡಿಸುವ ರೀತಿಯಲ್ಲೂ ಎರಡು ಎಚ್ಚರಗಳು ಬೇಕು. ಇಕ್ಕಟ್ಟಿನ ಪಾರ್ಕಿಂಗಿನಲ್ಲಿ ನಿಂತಲ್ಲೇ ಸ್ಟಿಯರಿಂಗ್ ತಿರುಗಿಸದೆ, ಚಕ್ರಗಳು ತುಸುವಾದರೂ ಉರುಳುತ್ತಿರುವಾಗ ತಿರುಗಿಸಬೇಕು. ಕೊನೆಯ ತುದಿಗೆ ತಿರುಗಿಸಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿದಿಡಬಾರದು. ಆಗ ಆಯಿಲ್ ಮುಂದೆ ಹೋಗಲಾಗದೆ ಪಂಪಿನೊಳಗೇ ಸುತ್ತಿ ಬೇಗನೆ ಕಾಯುತ್ತದೆ.

ಓಡುತ್ತಿರುವಾಗ ಸ್ಟಿಯರಿಂಗ್ ಒಮ್ಮೆಲೇ ಗಟ್ಟಿಯಾದರೆ ಹೆದರಬೇಕಿಲ್ಲ. ನೆರವು ಮಾತ್ರ ನಿಂತಿರುತ್ತದೆ, ಸ್ಟಿಯರಿಂಗಿಗೂ ಚಕ್ರಕ್ಕೂ ಇರುವ ಲೋಹದ ಜೋಡಣೆ ಹಾಗೆಯೇ ಇರುತ್ತದೆ. ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು, ವೇಗ ತಗ್ಗಿಸಿ, ಬದಿಗೆ ನಿಲ್ಲಿಸಿ ಬೆಲ್ಟ್ ನೋಡಬೇಕು. ಕೆಲವು ಎಂಜಿನ್ನುಗಳಲ್ಲಿ ಅದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುವುದರಿಂದ, ಬೆಲ್ಟ್ ತುಂಡಾಗಿದ್ದರೆ ಮುಂದೆ ಓಡಿಸಬಾರದು. ಬೆಲ್ಟು, ಆಯಿಲು ಎರಡೂ ಸರಿಯಿದ್ದು ಸ್ಟಿಯರಿಂಗ್ ಸದಾ ಭಾರವೆನಿಸುತ್ತಿದ್ದರೆ ಟಯರಿನ ಗಾಳಿಯನ್ನು ಮೊದಲು ಪರೀಕ್ಷಿಸಿ.

ಚೌತಿಗೆ ಊರಿಗೆ ಹೊರಡುವ ಮುನ್ನಾದಿನ ರಾತ್ರಿ ಕಾರಿನ ಮುಂಭಾಗದ ಕೆಳಗೆ ಒಂದು ರಟ್ಟಿನ ಹಾಳೆ ಹಾಸಿಡಿ. ಬೆಳಗ್ಗೆ ಅದರ ಮೇಲೆ ಆಯಿಲಿನ ಕಲೆಯಿಲ್ಲದಿದ್ದರೆ, ಅದೇ ದರ್ಜೆಯ ಅರ್ಧ ಲೀಟರ್ ಆಯಿಲನ್ನು ಡಿಕ್ಕಿಯಲ್ಲಿಟ್ಟುಕೊಂಡು ಪನ್ವೇಲಿನ ದಾರಿ ಹಿಡಿಯಬಹುದು.