ಉಪ್ಪುಗಾಳಿಯ ಊರಿನಲ್ಲಿ ಒಂದು ರಿಪೇರಿ ಪುಸ್ತಕ

2019ರ ಚೌತಿಗೆ ಎರಡು ದಿನವಿತ್ತು. ಕಾಯಿ ಅರೆಯುತ್ತಿದ್ದಾಗ ಮಿಕ್ಸಿ ಎರಡು ಸಲ ಕೆಮ್ಮಿದಂತೆ ಮಾಡಿ ನಿಂತುಬಿಟ್ಟಿತು. ಅಡಿಯಲ್ಲಿ ಸಣ್ಣ ಕಿಡಿ ಕಂಡಿತ್ತು, ಸುಟ್ಟ ವಾಸನೆಯೂ ಬಂದಿತ್ತು. ಬೆಂಗಳೂರಿನಲ್ಲಿರುವ ಮಗನಿಗೆ ಫೋನಿನಲ್ಲಿ ಹೇಳಿದೆ. “ಅಮ್ಮ, ಅದಕ್ಕೆ ಒಂಬತ್ತು ವರ್ಷವಾಯಿತಲ್ಲ. ಹೊಸದನ್ನು ಆರ್ಡರ್ ಮಾಡುತ್ತೇನೆ, ನಾಳೆಯೇ ಬರುತ್ತದೆ” ಎಂದ.

ಬೇರೆ ವರ್ಷವಾಗಿದ್ದರೆ ಹೂಂ ಎನ್ನುತ್ತಿದ್ದೆ. ಆದರೆ ಆ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಜರಿದು ಮಂದಾರ ಎಂಬ ಊರಿನ ಕಡೆಗೆ ಇಳಿದಿತ್ತು. ಮನೆಗಳೂ ತೋಟಗಳೂ ಅದರಡಿ ಸಿಕ್ಕಿಕೊಂಡವು. ನೋಡಲು ಹೋದವರ ಜೊತೆ ನಾನೂ ಹೋಗಿದ್ದೆ. ಕಸವೆಂದರೆ ಕೊಳೆತ ತರಕಾರಿ, ಊಟದ ಎಲೆ ಎಂದುಕೊಂಡಿದ್ದವಳಿಗೆ ಅಲ್ಲಿ ಕಂಡದ್ದು ಚಪ್ಪಲಿ, ಬಕೆಟ್, ಕುರ್ಚಿಯ ಕಾಲು, ಹಾಸಿಗೆಯ ಸ್ಪಂಜು. ಎಲ್ಲವೂ ಯಾರೋ ದುಡ್ಡು ಕೊಟ್ಟು ಮನೆಗೆ ತಂದ ವಸ್ತುಗಳು. ನಮ್ಮ ಮನೆಯಿಂದ ಹೋದವೂ ಅದರಲ್ಲಿ ಇದ್ದಿರಬೇಕು. ಅದನ್ನು ನೋಡಿ ಬಂದ ಮೇಲೆ ಮಗನಿಗೆ “ಸ್ವಲ್ಪ ತಾಳು” ಎಂದೆ.

ಮಿಕ್ಸಿಯನ್ನು ಚೀಲಕ್ಕೆ ಹಾಕಿಕೊಂಡು ಸುರತ್ಕಲ್ ಪೇಟೆಯಲ್ಲಿ, ಮೆಟ್ಟಿಲ ಕೆಳಗಿನ ಒಂದು ಪುಟ್ಟ ಅಂಗಡಿಗೆ ಹೋದೆ. ಅಲ್ಲಿನ ಹಿರಿಯರು ಅದನ್ನು ಬೋರಲು ಹಾಕಿ ನಾಲ್ಕು ಸ್ಕ್ರೂ ಬಿಚ್ಚಿ, ಮೋಟರಿನ ಎರಡು ಬದಿಯಿಂದ ಎರಡು ಕಪ್ಪು ತುಣುಕು ಹೊರತೆಗೆದರು. ಕಾರ್ಬನ್ ಬ್ರಶ್. ಹೊಸದು ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ನನ್ನದು ಸವೆದು ಕಡಲೆಕಾಳಿನಷ್ಟಾಗಿತ್ತು. “ಮೋಟರಿಗೆ ಏನೂ ಆಗಿಲ್ಲ ಅಕ್ಕ. ಇದು ಸವೆಯಲಿಕ್ಕೆಂದೇ ಇರುವುದು. ಎರಡನ್ನೂ ಒಟ್ಟಿಗೆ ಬದಲಿಸಬೇಕು, ಒಂದನ್ನೇ ಹಾಕಿದರೆ ಮತ್ತೆ ಬರುತ್ತೀರಿ” ಎಂದರು. ಕೂಲಿ ಸೇರಿ ನೂರೈವತ್ತು ರೂಪಾಯಿ. ಆ ಮಿಕ್ಸಿಯಲ್ಲಿ ನಾನು ಇಂದೂ ಅರೆಯುತ್ತೇನೆ.

ಆ ಸಂಜೆ ಮಗನ ಹಳೆಯ ಲೆಕ್ಕದ ನೋಟ್ ಪುಸ್ತಕದ ಖಾಲಿ ಹಾಳೆಯಲ್ಲಿ ನಾಲ್ಕು ಗೆರೆ ಎಳೆದೆ: ದಿನಾಂಕ, ವಸ್ತು, ಹಾಳಾದ ಭಾಗ, ಖರ್ಚು. ಮೂರನೆಯ ಅಂಕಣವೇ ನನಗೆ ಮುಖ್ಯ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ “ಫ್ಯಾನ್ ಹೋಯಿತು”, “ಕುಕ್ಕರ್ ಹೋಯಿತು” ಎಂದೇ ಮಾತು. ಈಗ ಫ್ಯಾನಿನಲ್ಲಿ ಏನು ಹೋಯಿತು ಎಂದು ಬರೆಯದೆ ಆ ಸಾಲು ತುಂಬುವುದಿಲ್ಲ. ಅದನ್ನು ತುಂಬಲು ಯಾರನ್ನಾದರೂ ಕೇಳಬೇಕು, ಇಲ್ಲವೇ ನಾನೇ ಬಿಚ್ಚಿ ನೋಡಬೇಕು. ಕುಕ್ಕರಿನದು ಹೆಚ್ಚಾಗಿ ರಬ್ಬರ್ ಗ್ಯಾಸ್ಕೆಟ್. ಮಿಕ್ಸಿ ಜಾರಿನದು ಅಡಿಯ ಕಪ್ಲರ್. ತಿರುಗಲು ತಿಣುಕುವ ಫ್ಯಾನಿನದು ಬಹುಪಾಲು ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಹಿಡಿದಿಟ್ಟು ಫ್ಯಾನ್ ತಿರುಗಲು ನೆರವಾಗುವ ಪುಟ್ಟ ಭಾಗ. ಸಾಮಾನ್ಯ ಸೀಲಿಂಗ್ ಫ್ಯಾನಿಗೆ 2.5 ಮೈಕ್ರೊಫ್ಯಾರಡ್‌ನದು ಬೇಕು, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಒಂದು ಊಟದ ಬೆಲೆಗಿಂತ ಕಡಿಮೆಗೆ ಸಿಗುತ್ತದೆ. ಅದನ್ನು ಈಗ ನಾನೇ ಬದಲಿಸುತ್ತೇನೆ. ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಮೇನ್ ಆರಿಸಬೇಕು. ಹಳೆಯ ಕೆಪಾಸಿಟರಿನ ತಂತಿಯ ತುದಿಗಳನ್ನು ಬರಿಗೈಯಲ್ಲಿ ಮುಟ್ಟಬಾರದು, ಅದರಲ್ಲಿ ವಿದ್ಯುತ್ ಉಳಿದಿರಬಹುದು. ಮೈಕ್ರೊವೇವ್ ಒಲೆಯನ್ನು ಮಾತ್ರ ಎಷ್ಟು ಕಲಿತರೂ ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಇರುತ್ತದೆ.

ಎರಡು ವರ್ಷ ಬರೆದ ಮೇಲೆ ಒಂದು ದಿನ ಮೊದಲಿನಿಂದ ಓದಿದೆ. ಅರ್ಧಕ್ಕಿಂತ ಹೆಚ್ಚು ಸಾಲುಗಳಲ್ಲಿ ಎರಡೇ ಕಾರಣ: ತುಕ್ಕು, ತೇವ. ನಮ್ಮ ಮನೆಯಿಂದ ಸಮುದ್ರಕ್ಕೆ ಒಂದು ಕಿಲೋಮೀಟರ್ ಇಲ್ಲ. ರಾತ್ರಿ ಅಲೆಯ ಸದ್ದು ಕೇಳುತ್ತದೆ, ಬೆಳಿಗ್ಗೆ ಕಿಟಕಿಯ ಗಾಜು ಒರೆಸಿದರೆ ಬೆರಳಿಗೆ ಉಪ್ಪು ಹತ್ತುತ್ತದೆ. ಆ ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಲೋಹದ ಮೇಲೆ ಸದಾ ಒಂದು ಒದ್ದೆ ಪೊರೆಯನ್ನು ಇಟ್ಟಿರುತ್ತದೆ. ಮೇಲಿನಿಂದ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಬಯಲುಸೀಮೆಯಲ್ಲಿ ಇಪ್ಪತ್ತು ವರ್ಷ ಬಾಳುವ ಕಬ್ಬಿಣದ ಕಪಾಟು ನಮ್ಮಲ್ಲಿ ಏಳೆಂಟು ವರ್ಷಕ್ಕೆ ತಳ ಉದುರಿಸಿಕೊಳ್ಳುತ್ತದೆ. ಅಂದರೆ ನಮ್ಮ ವಸ್ತುಗಳು ಬಳಸಿ ಸವೆಯುವುದಕ್ಕಿಂತ ಬಳಸದೆ ಇಟ್ಟು ಹಾಳಾಗುವುದೇ ಹೆಚ್ಚು. ಇದು ತಿಳಿದ ಮೇಲೆ ನನ್ನ ರಿಪೇರಿಯ ಕ್ರಮವೇ ಬದಲಾಯಿತು. ಕೆಟ್ಟ ಮೇಲೆ ಅಂಗಡಿಗೆ ಓಡುವುದಕ್ಕಿಂತ ಮೇ ತಿಂಗಳಲ್ಲಿ ನಾಲ್ಕು ದಿನ ಕೈಕೊಳೆ ಮಾಡಿಕೊಳ್ಳುವುದು ಲೇಸು.

ಮೊದಲನೆಯ ಕೆಲಸ ಸ್ಕ್ರೂಗಳದು. ಬಾಗಿಲ ಚಿಲಕ, ಕಪಾಟಿನ ಹಿಂಜು, ಗ್ಯಾಸ್ ಒಲೆಯ ಅಡಿ, ಎಲ್ಲಿ ತುಕ್ಕು ಹಿಡಿದ ಸ್ಕ್ರೂ ಕಂಡರೂ ತೆಗೆದು ಸ್ಟೇನ್‌ಲೆಸ್ ಸ್ಟೀಲಿನದನ್ನು ಹಾಕುತ್ತೇನೆ. ಇವನ್ನು ಮಂಗಳೂರಿನ ಬಂದರಿನಲ್ಲಿ, ದೋಣಿಯ ಸಾಮಾನು ಮಾರುವ ಅಂಗಡಿಗಳಲ್ಲಿ ಕೊಳ್ಳುತ್ತೇನೆ. ಉಪ್ಪುನೀರಿಗೆ ಯಾವುದು ತಡೆಯುತ್ತದೆ ಎಂಬುದು ಮೀನುಗಾರರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಅಲ್ಲಿಯೇ ನನಗೆ 304, 316 ಎಂಬ ಎರಡು ಜಾತಿಯ ಸ್ಟೀಲಿನ ವ್ಯತ್ಯಾಸ ತಿಳಿದದ್ದು. 316ರಲ್ಲಿ ಮಾಲಿಬ್ಡಿನಮ್ ಸೇರಿರುವುದರಿಂದ ಅದು ಉಪ್ಪನ್ನು ಹೆಚ್ಚು ತಡೆಯುತ್ತದೆ. ಹೊರಗಿನ ಗೇಟಿಗೆ ಅದು, ಒಳಗಿನ ಕೆಲಸಕ್ಕೆ 304 ಸಾಕು.

ಎರಡನೆಯದು ಎಣ್ಣೆ. ಕಿರುಗುಟ್ಟುವ ಎಲ್ಲದಕ್ಕೂ ತೆಂಗಿನೆಣ್ಣೆ ಬಿಡುವುದು ನಮ್ಮ ಜಿಲ್ಲೆಯ ಅಭ್ಯಾಸ, ನನ್ನದೂ ಆಗಿತ್ತು. ಅದು ಕೆಲವು ತಿಂಗಳಲ್ಲಿ ಅಂಟಾಗಿ ಧೂಳು ಹಿಡಿದು ಹಿಂಜನ್ನು ಮೊದಲಿಗಿಂತ ಬಿಗಿ ಮಾಡುತ್ತದೆ. ಹೊಲಿಗೆ ಯಂತ್ರದ ಎಣ್ಣೆಯ ಎರಡು ಹನಿ ಸಾಕು. ಮಳೆಗಾಲ ಮುಗಿಯುವವರೆಗೆ ಬೇಡವಾದ ಕತ್ತರಿ, ಸ್ಪ್ಯಾನರ್, ಮಾವನವರ ಕಾಲದ ಗರಗಸ ಇವಕ್ಕೆ ತೆಳ್ಳಗೆ ವ್ಯಾಸಲಿನ್ ಸವರಿ ಬಟ್ಟೆಯಲ್ಲಿ ಸುತ್ತಿಡುತ್ತೇನೆ. ವಿದ್ಯುತ್ ಉಪಕರಣಗಳನ್ನು ಮಳೆಗಾಲದಲ್ಲಿ ಸುಮ್ಮನೆ ಕೂರಿಸುವುದಿಲ್ಲ. ಆಟಿ ತಿಂಗಳ ಜಡಿಮಳೆಯಲ್ಲೂ ವಾರಕ್ಕೊಮ್ಮೆ ಹೊಲಿಗೆ ಯಂತ್ರ, ಪ್ರಿಂಟರ್, ಅತಿಥಿ ಕೋಣೆಯ ಫ್ಯಾನ್ ಎಲ್ಲವನ್ನೂ ಹತ್ತು ನಿಮಿಷ ಓಡಿಸುತ್ತೇನೆ. ಒಳಗಿನ ಬಿಸಿಗೆ ತೇವ ಹೊರಟುಹೋಗುತ್ತದೆ.

ಕೊಡೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇ ಕೊನೆಯ ವಾರ ಪೇಟೆಯ ಬದಿಯಲ್ಲಿ ಕೊಡೆ ರಿಪೇರಿಯವರು ಕುಳಿತಿರುತ್ತಾರೆ. ಜೂನ್ ಮೊದಲ ಮಳೆ ಬಿದ್ದ ಮೇಲೆ ಹೋದರೆ ಸಾಲು ಇರುತ್ತದೆ. ಮೂರು ಮಡಿಕೆಯದಕ್ಕಿಂತ ಉದ್ದ ಹಿಡಿಯ ಕೊಡೆಯನ್ನೇ ಕೊಳ್ಳಿ, ಅದರ ಕಡ್ಡಿ ಬದಲಿಸುವುದು ಸುಲಭ.

ಕಲಾಯಿಯ, ಅಂದರೆ ಪಾತ್ರೆಯ ಒಳಮೈಗೆ ಹಾಕುವ ತವರದ ಲೇಪದ ಬಗ್ಗೆ ಮಾತ್ರ ಹೇಳಲೇಬೇಕು. ನಮ್ಮ ಅತ್ತೆಯವರ ಕಾಲದ ಹಿತ್ತಾಳೆ ಪಾತ್ರೆಗಳು ಅಟ್ಟದಲ್ಲಿ ಗೋಣಿಯೊಳಗೆ ಇದ್ದವು. ಎರಡು ಬೋಗುಣಿ, ಒಂದು ದೊಡ್ಡ ಪಾಯಸದ ಪಾತ್ರೆ, ಎರಡು ಸಾರಿನ ಪಾತ್ರೆ. ಒಮ್ಮೆ ಗುಜರಿಯವನು ತೂಕಕ್ಕೆ ಕೇಳಿದಾಗ ಕೊಟ್ಟುಬಿಡೋಣ ಎಂದಿದ್ದೆ. ಎಂಬತ್ತು ದಾಟಿದ್ದ ಅತ್ತೆ ಮಂಚದ ಮೇಲಿಂದಲೇ “ಕಲಾಯಿ ಹೋಗಿದೆ, ಪಾತ್ರೆ ಹೋಗಿಲ್ಲ ಮಗಾ” ಎಂದು ತಡೆದರು. ಆಗ ನಮ್ಮ ಅಡುಗೆಮನೆಯಲ್ಲಿ ಎರಡು ವರ್ಷಕ್ಕೊಮ್ಮೆ ನಾನ್‌ಸ್ಟಿಕ್ ಬಾಣಲೆ ಬದಲಾಗುತ್ತಿತ್ತು. ಕಪ್ಪು ಲೇಪ ಎದ್ದರೆ ಅದನ್ನು ಮತ್ತೆ ಹಾಕಿಕೊಡುವವರು ಇಲ್ಲಿ ನನಗೆ ಯಾರೂ ಸಿಕ್ಕಿಲ್ಲ.

ಮೊದಲು ಕಲಾಯಿಯವರು ಬೀದಿ ಬೀದಿಗೆ ಕೂಗುತ್ತಾ ಬರುತ್ತಿದ್ದರು. ಈಗ ಹುಡುಕಬೇಕು. ಅಡುಗೆಯ ಭಟ್ಟರೊಬ್ಬರನ್ನು ಕೇಳಿದೆ. ಮದುವೆ, ಬ್ರಹ್ಮಕಲಶದ ಅಡುಗೆಗೆ ದೊಡ್ಡ ಪಾತ್ರೆ ಬಳಸುವವರಿಗೆ ಇವರ ಗುರುತು ಇರುತ್ತದೆ. ಅವರು ಕಳುಹಿಸಿದವರು ಒಂದು ಭಾನುವಾರ ಬಂದು ನಮ್ಮ ಅಂಗಳದ ಮೂಲೆಯಲ್ಲಿ ಸಣ್ಣ ಗುಂಡಿ ತೋಡಿ ಇದ್ದಿಲು ಉರಿಸಿದರು. ಪಾತ್ರೆಯನ್ನು ತಿಕ್ಕಿ ಕೊಳೆ ಬಿಡಿಸಿ, ಬೆಂಕಿಯ ಮೇಲೆ ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತಾ ಕಾಯಿಸಿದರು. ಒಳಗೆ ಒಂದು ಚಿಟಿಕೆ ನವಸಾಗರ ಎಸೆದಾಗ ಬಿಳಿ ಹೊಗೆ ಎದ್ದಿತು. ಲೋಹದ ಮೇಲಿನ ಕಿಲುಬನ್ನು ಕಿತ್ತು ತವರ ಹಿಡಿಯುವಂತೆ ಮಾಡುವುದು ಅದರ ಕೆಲಸ. ಆಮೇಲೆ ತವರದ ಕಡ್ಡಿಯನ್ನು ಬಿಸಿ ಪಾತ್ರೆಗೆ ತಾಗಿಸಿದರು. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಒಂದು ಹನಿ ಬಿದ್ದದ್ದೇ ಹತ್ತಿಯ ಉಂಡೆಯಿಂದ ಸುತ್ತ ಒರೆಸಿದರು, ಹಳದಿ ಒಳಮೈ ಕ್ಷಣದಲ್ಲಿ ಬೆಳ್ಳಿಯ ಬಣ್ಣಕ್ಕೆ ತಿರುಗಿತು. ಆ ಕ್ಷಣವನ್ನು ನೋಡಲು ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಜಗಲಿಗೆ ತಂದಿದ್ದೆವು. ಅವರು ಮದುವೆಯಾಗಿ ಬಂದ ವರ್ಷ ಅದೇ ಅಂಗಳದಲ್ಲಿ ಅದೇ ಪಾತ್ರೆಗೆ ಕಲಾಯಿ ಹಾಕಿದ್ದನ್ನು ನೆನೆಸಿಕೊಂಡರು.

ಹಾಕಿಸುವವರು ಒಂದು ಮಾತು ಕೇಳಿಕೊಳ್ಳಬೇಕು: ತವರದಲ್ಲಿ ಸೀಸ ಬೆರೆತಿರಬಾರದು. ಅಗ್ಗಕ್ಕೆ ಆಸೆಪಟ್ಟು ಸೀಸ ಬೆರೆತದ್ದನ್ನು ಒಪ್ಪಿಕೊಂಡರೆ ಊಟದಲ್ಲಿ ವಿಷ ತಿಂದಂತೆ. ಕಲಾಯಿ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲೆ ಇಟ್ಟು ಮರೆಯಬಾರದು, ತವರ ಕರಗಿ ತಳಕ್ಕೆ ಬರುತ್ತದೆ. ಸ್ಟೀಲಿನ ಸ್ಕ್ರಬ್ಬರಿನಿಂದ ತಿಕ್ಕಬಾರದು, ತೆಂಗಿನ ನಾರು ಸಾಕು. ಒಳಗೆ ಹಳದಿ ಇಣುಕಿದಾಗ ಹುಣಸೆಹುಳಿಯ ಅಡುಗೆ ನಿಲ್ಲಿಸಿ ಮತ್ತೆ ಹಾಕಿಸಬೇಕು. ನಮ್ಮ ಬಳಕೆಗೆ ವರ್ಷಕ್ಕೊಂದು ಸಲ ಬೇಕಾಗುತ್ತದೆ. ಅತ್ತೆ ಈಗ ಇಲ್ಲ. ಅವರ ಪಾತ್ರೆಯಲ್ಲಿ ಕುದಿಸಿದ ಸಾರಿನ ರುಚಿಗೆ ಮನೆಯವರೆಲ್ಲ ಒಗ್ಗಿಹೋಗಿದ್ದೇವೆ. ನಾನ್‌ಸ್ಟಿಕ್ ಕೊಂಡು ಐದು ವರ್ಷವಾಯಿತು.

ಕೊಳ್ಳದೆ ಇರುವುದು ರಿಪೇರಿಗಿಂತ ಕಷ್ಟ. ಅದಕ್ಕೆ ಅದೇ ಪುಸ್ತಕದ ಹಿಂದಿನ ಹಾಳೆ. ಬೇಕು ಅನ್ನಿಸಿದ್ದನ್ನು ದಿನಾಂಕ ಹಾಕಿ ಬರೆದು ಮುಂದಿನ ಸಂಕ್ರಮಣದವರೆಗೆ ಕಾಯುತ್ತೇನೆ. ಹೇಗೂ ತಿಂಗಳಿಗೊಮ್ಮೆ ಅಂದು ದೇವಸ್ಥಾನಕ್ಕೆ ಹೋಗುವ ರೂಢಿ ಇದೆ, ಬಂದು ಪುಸ್ತಕ ತೆರೆಯುತ್ತೇನೆ. ಏರ್ ಫ್ರೈಯರ್, ಮೂರನೆಯ ಬ್ಲಾಂಕೆಟ್, ಕಾಲು ಒತ್ತುವ ಯಂತ್ರ ಇವೆಲ್ಲ ಹಾಗೆಯೇ ಗೀಟು ಎಳೆಸಿಕೊಂಡವು. ಗೀಟು ಬೀಳದೆ ಎರಡು ಸಂಕ್ರಮಣ ದಾಟಿದ್ದನ್ನು ಕೊಂಡಿದ್ದೇನೆ, ಉದಾಹರಣೆಗೆ ಓದುವ ದೀಪ. ಉದ್ದ ಏಣಿ, ಡ್ರಿಲ್ ಯಂತ್ರ, ಇಪ್ಪತ್ತು ಜನರ ಇಡ್ಲಿ ಪಾತ್ರೆ ಇವು ನಮ್ಮ ಓಣಿಯ ಐದು ಮನೆಗೆ ಒಂದೊಂದೇ. ಯಾರ ಮನೆಯಲ್ಲಿ ಯಾವುದಿದೆ ಎಂದು ನಮಗೆಲ್ಲ ಬಾಯಿಪಾಠ. ಪಕ್ಕದ ಮನೆಯ ಬಾಯಮ್ಮ ಡ್ರಿಲ್ ಕೇಳಲು ಬಂದರೆ ಕೈಯಲ್ಲಿ ಒಂದಿಷ್ಟು ಸೊಳೆ ಉಪ್ಪಿನಕಾಯಿ ಇದ್ದೇ ಇರುತ್ತದೆ.

ಎಲ್ಲವನ್ನೂ ಉಳಿಸಿಕೊಳ್ಳಲು ಆಗಲಿಲ್ಲ. ನನ್ನ ಮೊಬೈಲಿನ ಬ್ಯಾಟರಿ ಉಬ್ಬಿತು. ಒಳಗೆ ಅಂಟು ಹಾಕಿ ಕೂರಿಸಿದ್ದರಿಂದ ಪರದೆ ಒಡೆಯದೆ ತೆಗೆಯಲಾಗಲಿಲ್ಲ. ಕಂಪನಿಯ ಸೇವಾ ಕೇಂದ್ರದಲ್ಲಿ ಹೇಳಿದ ಮೊತ್ತ ಹೊಸ ಫೋನಿನ ಅರ್ಧ ಬೆಲೆ. ನನಗೆ ನಿಜಕ್ಕೂ ಸಿಟ್ಟು ಬಂದಿತು. ಎರಡು ಸ್ಕ್ರೂ ಇಟ್ಟಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಅಂಟು ಹಚ್ಚುವುದು ಬಳಸುವವರಿಗೆ ಮಾಡುವ ಅನ್ಯಾಯ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ‘ರೈಟ್ ಟು ರಿಪೇರ್’ ಎಂಬ ಜಾಲತಾಣ ತೆರೆದಿದೆ. ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಿಭಾಗಗಳಲ್ಲಿ ಕಂಪನಿಗಳ ರಿಪೇರಿ ಮಾಹಿತಿಯನ್ನು ಒಂದೆಡೆ ಸೇರಿಸುವುದು ಅದರ ಉದ್ದೇಶ. ಈಗ ಏನನ್ನಾದರೂ ಕೊಳ್ಳುವ ಮೊದಲು ನಾನು ಅಂಗಡಿಯವರಿಗೆ ಬೆಲೆಗಿಂತ ಮೊದಲು ಬ್ಯಾಟರಿ ಎಲ್ಲಿ ಸಿಗುತ್ತದೆ, ಯಾರು ಹಾಕಿಕೊಡುತ್ತಾರೆ ಎಂದೇ ಕೇಳುತ್ತೇನೆ.

ಬಿಟ್ಟುಕೊಡಬೇಕಾದದ್ದನ್ನು ಬಿಟ್ಟೂ ಕೊಟ್ಟಿದ್ದೇನೆ. ಹಗಲೂ ರಾತ್ರಿ ಓಡುವ ಹಜಾರದ ಫ್ಯಾನಿನ ಬೇರಿಂಗ್ ಹೋದಾಗ ಮತ್ತೆ ರಿಪೇರಿ ಮಾಡಿಸಲಿಲ್ಲ. ಹಳೆಯದು 75 ವ್ಯಾಟ್ ಎಳೆಯುತ್ತಿತ್ತು, ಬಿಎಲ್‌ಡಿಸಿ ಎಂಬ, ಕಾರ್ಬನ್ ಬ್ರಶ್ ಇಲ್ಲದ ಮೋಟರಿನ ಹೊಸ ಫ್ಯಾನ್ 30ರ ಆಸುಪಾಸು. ಮಲಗುವ ಕೋಣೆಯ ಹಳೆಯ ಫ್ಯಾನ್ ಮಾತ್ರ ಅಲ್ಲಿಯೇ ಇದೆ. ಅದು ದಿನಕ್ಕೆ ಆರು ಗಂಟೆ ಓಡಿದರೆ ಹೆಚ್ಚು.

ಮೆಟ್ಟಿಲ ಕೆಳಗಿನ ಅಂಗಡಿಯ ಹಿರಿಯರಿಗೆ ಈಗ ಎಪ್ಪತ್ತರ ಹತ್ತಿರ. ಮಗ ದುಬೈಯಲ್ಲಿದ್ದಾನೆ, ಈ ಕೆಲಸಕ್ಕೆ ಬರುವುದಿಲ್ಲ. “ನೀವು ತರುತ್ತೀರಿ ಎಂದು ತೆರೆಯುತ್ತೇನೆ ಅಕ್ಕ” ಎಂದು ಒಮ್ಮೆ ಹೇಳಿದರು. ಅಂದಿನಿಂದ ನಮ್ಮ ಓಣಿಯ ಕೆಟ್ಟ ವಸ್ತುಗಳನ್ನೆಲ್ಲ ಶನಿವಾರ ಒಟ್ಟು ಮಾಡಿ ಒಯ್ಯುತ್ತೇನೆ. ಇಸ್ತ್ರಿಪೆಟ್ಟಿಗೆ, ಟಾರ್ಚ್, ಯಾರದೋ ಮಗುವಿನ ಆಟದ ಕಾರು. ಕಳೆದ ವರ್ಷದಿಂದ ಬಾಯಮ್ಮನ ಮೊಮ್ಮಗ, ಐಟಿಐ ಓದುತ್ತಿರುವ ಹುಡುಗ, ನನ್ನ ಜೊತೆ ಬರುತ್ತಿದ್ದಾನೆ. ಮೊದಮೊದಲು ಚೀಲ ಹೊರಲು ಬರುತ್ತಿದ್ದ, ಈಗ ಸ್ಟೂಲ್ ಎಳೆದುಕೊಂಡು ಅವರ ಪಕ್ಕದಲ್ಲಿ ಕೂರುತ್ತಾನೆ. ಹೋದ ಶನಿವಾರ ನನ್ನ ಗ್ರೈಂಡರಿನ ಬೆಲ್ಟನ್ನು ಅವನೇ ಬದಲಿಸಿದ. ಬಿಗಿ ಹೆಚ್ಚಾಯಿತೆಂದು ಹಿರಿಯರು ಬಿಚ್ಚಿಸಿ ಎರಡನೆಯ ಸಲ ಹಾಕಿಸಿದರು. ಮೂರನೆಯ ಅಂಕಣದಲ್ಲಿ ‘ಬೆಲ್ಟ್’ ಎಂದು ಬರೆದುಕೊಂಡೆ. ಕಲ್ಲು ನುಣುಪಾಗಿದೆ, ಚೌತಿಯ ಮೂಡೆಗೆ ಉದ್ದು ಅರೆಯುವ ಮೊದಲು ಕುಟ್ಟಿಸಬೇಕು. ಅದನ್ನು ಕುಟ್ಟುವವರು ಎಲ್ಲಿದ್ದಾರೆಂದು ಹುಡುಕುವ ಕೆಲಸವನ್ನು ಅವನು ವಹಿಸಿಕೊಂಡಿದ್ದಾನೆ.