ಕೆಂಪು ಮಣ್ಣಿನಲ್ಲಿ ಬೆಲ್ಟ್ ಬಗ್ಗಿ: ಎರಡು ವರ್ಷ, 11 ಬೆಲ್ಟು

ನನ್ನ 1/10 ಅಳತೆಯ ಫೋರ್‌ವೀಲ್ ಬಗ್ಗಿ, ಅಂದರೆ ಮೋಟಾರಿನ ಬಲವನ್ನು ಹಲ್ಲಿನ ಬೆಲ್ಟುಗಳಿಂದ ನಾಲ್ಕೂ ಚಕ್ರಗಳಿಗೆ ಒಯ್ಯುವ ರಿಮೋಟ್ ಕಾರು, ಕಳೆದ ಬೇಸಿಗೆಯಿಂದ ಈಚೆಗೆ, ಹಿಂದಿನ ಚಕ್ರಗಳ ಬೆಲ್ಟನ್ನು ಒಮ್ಮೆಯೂ ಬದಲಿಸದೆ, ಹೆಚ್ಚು ಕಡಿಮೆ 60 ಬ್ಯಾಟರಿ ಚಾರ್ಜ್ ಓಡಿದೆ. ಹೊಸಕೋಟೆ ಕಡೆಯ ನಮ್ಮ ಟ್ರ್ಯಾಕಿನಲ್ಲಿ ಒಂದು ಭಾನುವಾರವಾದರೂ ಓಡಿಸಿದವರಿಗೆ ಇದು ಎಂಥ ಮಾತು ಎಂಬುದು ತಿಳಿದೀತು. ಅಲ್ಲಿಯ ಕೆಂಪು ಮಣ್ಣಿನಲ್ಲಿ ಸಾಸಿವೆಯಷ್ಟರಿಂದ ಕಡಲೆಯಷ್ಟರವರೆಗೆ ಬೆಣಚುಕಲ್ಲಿನ ಹರಳುಗಳು ಬೆರೆತಿವೆ. ಕಾರು ಮನೆಗೆ ಬಂದ ಮೇಲೆ ಚಾಸಿಯಿಂದ ಒಂದು ಹಿಡಿ ಮಣ್ಣು ಉದುರದಿದ್ದರೆ ಆ ದಿನ ಸರಿಯಾಗಿ ಓಡಿಸಿಲ್ಲವೆಂದೇ ಅರ್ಥ. "ಬೆಲ್ಟು ಕಾರ್ಪೆಟ್ ಮೇಲೆ ಓಡಿಸೋರಿಗೆ ಗುರೂ, ಇಲ್ಲಿ ಶಾಫ್ಟೇ ಗತಿ" ಎಂದು ನನಗೆ ಬುದ್ಧಿ ಹೇಳಿದವರಲ್ಲಿ ಇಬ್ಬರು, ಹೋದ ತಿಂಗಳು ನನ್ನ ಕಾರಿನ ಬಾಡಿ ಬಿಚ್ಚಿಸಿ ಫೋಟೋ ತೆಗೆದುಕೊಂಡು ಹೋದರು. ಅವರಿಗೆ ಬಾಯಲ್ಲಿ ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚನ್ನೇ ಇಲ್ಲಿ ಬರೆಯುತ್ತಿದ್ದೇನೆ, ಆದರೆ ಎಲ್ಲವನ್ನೂ ಅಲ್ಲ.

ಬೆಲ್ಟಿನ ಬದಲು ಸರಳು (ಶಾಫ್ಟ್) ಮತ್ತು ಗೇರುಗಳಿಂದ ಚಕ್ರ ತಿರುಗಿಸುವ ಶಾಫ್ಟ್ ಬಗ್ಗಿಯನ್ನು ನಾನು ಸುಮ್ಮನೆ ಬಿಡಲಿಲ್ಲ. ಮೂರು ಸೀಸನ್ ಅದನ್ನೇ ಓಡಿಸಿದ್ದೇನೆ. ಗೇರ್‌ಬಾಕ್ಸ್ ಮುಚ್ಚಿಯೇ ಇರುವುದರಿಂದ ಧೂಳಿನ ಭಯವಿಲ್ಲ ಎನ್ನುವುದು ಅರ್ಧ ಸತ್ಯ ಮಾತ್ರ. ಹರಳು ಒಳಗೆ ಹೋಗುವುದಿಲ್ಲ, ಆದರೆ ನುಣುಪಾದ ಧೂಳು ಬೇರಿಂಗಿನ ಅಂಚಿನಿಂದ ನುಸುಳಿ ಗ್ರೀಸಿನೊಂದಿಗೆ ಕಲಸಿಕೊಂಡು ಅಪ್ಪಟ ಅರೆಯುವ ಪೇಸ್ಟ್ ಆಗುತ್ತದೆ, ಆಮೇಲೆ ಬಲದ ದಿಕ್ಕು ತಿರುಗಿಸುವ ಓರೆ ಹಲ್ಲಿನ ಬೆವೆಲ್ ಗೇರು ತನ್ನನ್ನು ತಾನೇ ಅರೆದುಕೊಳ್ಳುತ್ತದೆ. 0.1 ಮಿಲಿಮೀಟರಿನ ತೆಳು ಬಿಲ್ಲೆ (ಶಿಮ್) ಹಾಕಿ ಶನಿವಾರ ರಾತ್ರಿ ಸರಿಮಾಡಿದ್ದು ಭಾನುವಾರ ಮಧ್ಯಾಹ್ನಕ್ಕೆ ಮತ್ತೆ ಕರಕರ ಎನ್ನುತ್ತಿತ್ತು. ಕೊರಿಯರ್ ಮತ್ತು ಕಸ್ಟಮ್ಸ್ ಸೇರಿದರೆ ಒಂದು ಜೊತೆ ಗೇರು (ರಿಂಗ್ ಮತ್ತು ಪಿನಿಯನ್) ನನಗೆ 1,800 ರೂಪಾಯಿಯ ಆಸುಪಾಸು ಬೀಳುತ್ತಿತ್ತು. ಕೊನೆಯ ಸೀಸನ್ನಿನಲ್ಲಿ ನಾಲ್ಕು ಜೊತೆ ಹೋದವು, ಎರಡು ನಡುವಿನ ಶಾಫ್ಟ್ ಬಾಗಿದವು, ಬೇರಿಂಗುಗಳ ಲೆಕ್ಕವನ್ನು ಇಟ್ಟಿಲ್ಲ. ಒಟ್ಟು 16,000ಕ್ಕೆ ಕಡಿಮೆಯಿಲ್ಲ.

ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ದೊಡ್ಡ ಜಂಪ್. ನನ್ನ ಶಾಫ್ಟ್ ಬಗ್ಗಿಯಲ್ಲಿ ಮೋಟಾರು ಉದ್ದಕ್ಕೆ ಕೂರುತ್ತದೆ, ಆದ್ದರಿಂದ ಗಾಳಿಯಲ್ಲಿರುವಾಗ ಥ್ರಾಟಲ್ ಒತ್ತಿದರೆ ಮೂಗು ಏಳುವುದರ ಜೊತೆಗೆ ಇಡೀ ಚಾಸಿ ಒಂದು ಪಕ್ಕಕ್ಕೆ ವಾಲುತ್ತದೆ. ನಮ್ಮ ಟ್ರ್ಯಾಕಿನಲ್ಲಿ ಜಂಪ್ ಇಳಿದ ಕೂಡಲೇ ಬಲ ತಿರುವು ಬರುವುದರಿಂದ, ಒಂದು ಚಕ್ರ ಮೊದಲು ನೆಲ ಮುಟ್ಟಿದರೆ ಆ ಲ್ಯಾಪ್ ಮುಗಿದಂತೆಯೇ. ಬೆಲ್ಟ್ ಬಗ್ಗಿಯಲ್ಲಿ ಮೋಟಾರು ಅಡ್ಡಕ್ಕೆ ಕೂರುವುದರಿಂದ ಥ್ರಾಟಲ್ ಮತ್ತು ಬ್ರೇಕಿಗೆ ಮೂಗು ಏಳುವುದು, ಇಳಿಯುವುದು ಮಾತ್ರ, ವಾಲುವುದಿಲ್ಲ. ಬೆಲ್ಟು ಮಣ್ಣಿಗೆ ಆಗದು ಎನ್ನುವವರಿಗೆ ನಾನು ಹೇಳುತ್ತಿದ್ದ ಇನ್ನೊಂದು ಮಾತಿದೆ: 1987ರಲ್ಲಿ ಇಂಗ್ಲೆಂಡಿನ ರೋಮ್ಸಿಯಲ್ಲಿ ಜಪಾನಿನ ಮಸಾಮಿ ಹಿರೋಸಾಕಾ ಫೋರ್‌ವೀಲ್ ವಿಶ್ವ ಚಾಂಪಿಯನ್ ಆದದ್ದು ಶುಮಾಕರ್ ಕ್ಯಾಟ್ ಎಂಬ ಬೆಲ್ಟ್ ಬಗ್ಗಿಯಲ್ಲಿ. "ಅಲ್ಲಿ ನಮ್ಮ ಜಲ್ಲಿ ಇರಲಿಲ್ಲ" ಎಂಬ ಉತ್ತರ ತಪ್ಪದೆ ಬರುತ್ತಿತ್ತು, ಅದು ತಪ್ಪು ಉತ್ತರವೂ ಆಗಿರಲಿಲ್ಲ.

ಹಳೆಯದೊಂದು ಬೆಲ್ಟ್ ಬಗ್ಗಿಯನ್ನು 21,000 ರೂಪಾಯಿಗೆ ಕೊಂಡೆ. ಮೊದಲ ಭಾನುವಾರ ಮೂರನೆಯ ಬ್ಯಾಟರಿಗೆ ಹಿಂದಿನ ಬೆಲ್ಟು ಹೋಯಿತು. ಬೆಲ್ಟು ಪುಲ್ಲಿಯ ಮೇಲೆ ಹತ್ತುವ ಜಾಗದಲ್ಲಿ ಮೆಣಸಿನಕಾಳಿನಷ್ಟು ಹರಳು ಸಿಕ್ಕಿ, ಒಂದೇ ಸುತ್ತಿನಲ್ಲಿ ಎಂಟು ಹಲ್ಲುಗಳನ್ನು ಸವರಿಹಾಕಿತ್ತು. ಎರಡನೆಯ ಭಾನುವಾರವೂ ಹಾಗೆಯೇ. ತಲುಪುವ ಹೊತ್ತಿಗೆ ಒಂದು ಅಸಲಿ ಬೆಲ್ಟಿನ ಬೆಲೆ 1,300 ಆಗುತ್ತಿದ್ದುದರಿಂದ, ಎಸ್‌ಪಿ ರೋಡಿನಲ್ಲಿ ಹುಡುಕಿ 3 ಮಿಲಿಮೀಟರ್ ಪಿಚ್ಚಿನ (ಹಲ್ಲಿನಿಂದ ಹಲ್ಲಿಗಿರುವ ಅಂತರ), ಅಷ್ಟೇ ಹಲ್ಲುಗಳ ಕೈಗಾರಿಕಾ ಟೈಮಿಂಗ್ ಬೆಲ್ಟುಗಳನ್ನು 180 ರೂಪಾಯಿಗೊಂದರಂತೆ ನಾಲ್ಕು ತಂದೆ, ಊರೆಲ್ಲ ಹೇಳಿಕೊಂಡೂ ಬಂದೆ. ಕೂತವು, ತಿರುಗಿದವು, ಎರಡು ವಾರ ಓಡಿದವು. ಮೂರನೆಯ ವಾರ ಬಿಚ್ಚಿ ನೋಡಿದರೆ ಬೆಲ್ಟು ಚೆನ್ನಾಗಿತ್ತು, ಪುಲ್ಲಿಯ ಹಲ್ಲುಗಳೇ ಚೂಪಾಗಿದ್ದವು. ನಾನು ತಂದದ್ದು ಎಚ್‌ಟಿಡಿ ಬೆಲ್ಟು, ಪುಲ್ಲಿ ಇದ್ದದ್ದು ಎಸ್3ಎಂ ಹಲ್ಲಿನದು. ಪಿಚ್ ಒಂದೇ ಆದರೂ ಹಲ್ಲಿನ ಆಕಾರ ಬೇರೆ. ಉಳಿಸಿದ ನಾಲ್ಕು ಸಾವಿರಕ್ಕೆ ಬದಲಾಗಿ 3,200 ರೂಪಾಯಿಯ ಪುಲ್ಲಿಗಳನ್ನು ತರಿಸಿದೆ. ಉಳಿತಾಯ ಎಷ್ಟೆಂದು ಮನೆಯಲ್ಲಿ ಕೇಳಿದಾಗ ನಾನು ಉತ್ತರಿಸಲಿಲ್ಲ.

ಇನ್ನು ಮುಚ್ಚುವ ಕೆಲಸ. ಬಾಡಿಗೆ ಬಳಸುವ ಪಾಲಿಕಾರ್ಬನೇಟ್ ಹಾಳೆಯನ್ನು ಬಿಸಿಮಾಡಿ ಬಾಗಿಸಿ, ಎರಡೂ ಬೆಲ್ಟುಗಳಿಗೆ ಸುರಂಗದಂತೆ ಕವಚ ಮಾಡಿ, ಸಂದುಗಳಿಗೆ ಫೋಮ್ ಟೇಪ್ ಹಚ್ಚಿದೆ. ಗಾಳಿಯೂ ಹೋಗದಂತೆ ಮಾಡಿದ್ದೇನೆಂದು ಹೆಮ್ಮೆಪಟ್ಟೆ. ಫಲಿತಾಂಶ ಮೊದಲಿಗಿಂತ ಕೆಟ್ಟದಾಯಿತು, ಏಕೆಂದರೆ ಎಷ್ಟೇ ಮುಚ್ಚಿದರೂ ಡಿಫ್‌ನ (ಎಡ ಬಲ ಚಕ್ರಗಳಿಗೆ ಬಲ ಹಂಚುವ ಭಾಗ) ಔಟ್‌ಡ್ರೈವ್, ಅಂದರೆ ಚಕ್ರದ ಕಡೆಗೆ ಹೊರಚಾಚುವ ತುದಿ, ಹಾಯುವ ಜಾಗದಿಂದ ಒಂದಲ್ಲ ಒಂದು ಹರಳು ಒಳಗೆ ಬಂದೇ ಬರುತ್ತದೆ, ಹಾಗೆ ಬಂದದ್ದಕ್ಕೆ ಹೊರಗೆ ಹೋಗಲು ದಾರಿಯಿಲ್ಲದೆ ಬೆಲ್ಟಿನ ಜೊತೆಗೇ ಸುತ್ತುತ್ತಿರುತ್ತದೆ, ಕೊನೆಗೊಮ್ಮೆ ಹಲ್ಲಿಗೆ ಸಿಗುತ್ತದೆ. ಆ ತಿಂಗಳು ಮೂರು ಬೆಲ್ಟು ಹೋದವು. ಧೂಳು ಅಂಟದಿರಲೆಂದು ಮುಖಕ್ಕೆ ಹಚ್ಚುವ ಪೌಡರನ್ನೂ ಬೆಲ್ಟಿಗೆ ಹಾಕಿ ನೋಡಿದೆ. ಬಿಸಿಲಿನಲ್ಲಿ ಅದ್ಭುತವಾಗಿ ಕೆಲಸ ಮಾಡಿತು, ಆದರೆ ಡಿಸೆಂಬರಿನ ಬೆಳಗಿನ ಇಬ್ಬನಿಯಲ್ಲಿ ಹಿಟ್ಟು ಕಲಸಿದಂತಾಗಿ ಪುಲ್ಲಿಯ ತಗ್ಗುಗಳಲ್ಲಿ ಗಟ್ಟಿಯಾಯಿತು. ಸಿಲಿಕೋನ್ ಸ್ಪ್ರೇ ಹಾಕಬೇಡಿ, ಅದು ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ.

ದಾರಿ ತೆರೆದದ್ದು ಕವಚಕ್ಕೆ ಕಿಂಡಿ ಕೊರೆದಾಗ. ಹರಳು ಒಳಗೆ ಬರದಂತೆ ತಡೆಯುವುದಕ್ಕಿಂತ, ಬಂದದ್ದನ್ನು ಬೆಲ್ಟು ಪುಲ್ಲಿಗೆ ಹತ್ತುವ ಮೊದಲೇ ಹೊರಗೆ ಎಸೆಯುವುದು ಸುಲಭ. ಹಿಂದಿನ ಪುಲ್ಲಿಯ ಹತ್ತಿರ ಕೆಳಗಡೆ ಒಂದು ಕಿಂಡಿ, ಅದರ ಬಾಯಲ್ಲಿ ಬೆಲ್ಟಿನ ಹಲ್ಲುಗಳನ್ನು ಸವರುವ ಒಂದು ಸಾಲು ಬ್ರಷ್ ಕೂದಲು, ಮೋಟಾರಿನ ಫ್ಯಾನಿನ ಗಾಳಿಯ ಒಂದು ಪಾಲು ಕವಚದೊಳಕ್ಕೆ. ಗಾಳಿ ಸದಾ ಒಳಗಿನಿಂದ ಹೊರಕ್ಕೆ ಹರಿಯುವುದರಿಂದ ಸಂದುಗಳಿಂದ ಧೂಳು ನುಗ್ಗುವುದೂ ಕಡಿಮೆಯಾಯಿತು. ಕಿಂಡಿ ಯಾವ ಕೋನದಲ್ಲಿರಬೇಕು, ಆ ಕೂದಲು ಯಾವ ಬ್ರಷ್ಷಿನದು ಎಂಬುದನ್ನು ಈ ಸೀಸನ್ ಮುಗಿಯುವವರೆಗೆ ಕೇಳಬೇಡಿ. ಆರು ಬ್ರಷ್ ಕೆಡಿಸಿ ಕಂಡುಕೊಂಡದ್ದು, ಹಲ್ಲುಜ್ಜುವ ಬ್ರಷ್ ಅಲ್ಲ ಎಂಬಷ್ಟು ಹೇಳಬಲ್ಲೆ.

ಬೆಲ್ಟಿನ ಬಿಗಿತದ ವಿಷಯದಲ್ಲಿ ನನಗೆ ಎಲ್ಲರೂ ಹೇಳಿದ್ದು ಬಿಗಿಯಾಗಿಡು ಎಂದೇ. ಬಿಗಿಯಾಗಿಟ್ಟಾಗ ಬೆಲ್ಟು ಹಾರಲಿಲ್ಲ, ಬದಲಿಗೆ ಡಿಫ್ ಬೇರಿಂಗು ಎರಡು ವಾರಕ್ಕೊಮ್ಮೆ ಹೋಯಿತು, ಮೋಟಾರು ಕಾದಿತು. ಸಡಿಲ ಮಾಡಿದಾಗ ಥ್ರಾಟಲ್ ಹಿಡಿದು ನೆಲಕ್ಕಿಳಿದ ಕೂಡಲೇ ಟಕಟಕ ಎಂದು ಹಲ್ಲು ಹಾರುತ್ತಿತ್ತು. ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಸಣ್ಣ ಐಡ್ಲರ್ (ಬೆಲ್ಟನ್ನು ಒತ್ತಿಹಿಡಿಯುವ ಉರುಳೆ) ಮಾಡಿಸಿ, ಬೆಲ್ಟು ಪುಲ್ಲಿಯನ್ನು ಇನ್ನೂ ಮೂರು ಹಲ್ಲುಗಳಷ್ಟು ಹೆಚ್ಚಾಗಿ ತಬ್ಬುವಂತೆ ಕೂರಿಸಿದ ಮೇಲೆ ಸಡಿಲವಾಗಿಯೇ ಬಿಡಲು ಸಾಧ್ಯವಾಯಿತು. ಎರಡು ಸಲ ತಿದ್ದಿಸಿದ್ದೂ ಸೇರಿ 2,500 ಕೊಟ್ಟೆ. ಜೊತೆಗೆ ಸ್ಲಿಪ್ಪರನ್ನು, ಅಂದರೆ ಜೋರು ಏಟು ಬಿದ್ದಾಗ ಜಾರಿಕೊಡುವ ಕ್ಲಚ್ಚನ್ನು, ಶಾಫ್ಟ್ ಕಾರಿನಲ್ಲಿ ಇಡುತ್ತಿದ್ದುದಕ್ಕಿಂತ ಮುಕ್ಕಾಲು ಸುತ್ತು ಸಡಿಲಿಸಿದ್ದೇನೆ. ಇಳಿಯುವಾಗಿನ ಏಟನ್ನು ಮೊದಲು ಅದು ತಿನ್ನಲಿ.

ಎರಡೂ ಕಾರುಗಳಿಗೆ ಒಂದೇ 13.5 ಟರ್ನ್ (ಒಳಗಿನ ತಂತಿ ಸುತ್ತುಗಳ ಲೆಕ್ಕ) ಮೋಟಾರು, ಹತ್ತಿರಹತ್ತಿರ ಒಂದೇ ಗೇರಿಂಗ್ ಹಾಕಿ ಐದೈದು ನಿಮಿಷ ಓಡಿಸಿ, ಮತ್ತೆ ಚಾರ್ಜ್ ಮಾಡುವಾಗ ಎಷ್ಟು ಹಿಡಿಯುತ್ತದೆಂದು ನೋಡಿದೆ. ಶಾಫ್ಟ್ ಬಗ್ಗಿ 2,000 ಎಂಎಎಚ್ ಚಿಲ್ಲರೆ, ಬೆಲ್ಟು ಬಿಗಿಯಾಗಿದ್ದಾಗ ಅದಕ್ಕಿಂತ ಜಾಸ್ತಿ, ಸಡಿಲಿಸಿದ ಮೇಲೆ 1,850ರ ಸುತ್ತಮುತ್ತ. ಟೈರುಗಳ ಸವೆತ ಒಂದೇ ಆಗಿರಲಿಲ್ಲವಾದ್ದರಿಂದ ಇದನ್ನು ಹಿಡಿದು ಯಾರೂ ವಾದಕ್ಕೆ ಬರಬಾರದು. ಮೋಟಾರಿನ ಬಿಸಿಯನ್ನು ಅಳೆಯಲು ಕೋವಿಡ್ ಕಾಲದಲ್ಲಿ ಕೊಂಡಿದ್ದ ಹಣೆಯ ಥರ್ಮಾಮೀಟರನ್ನೇ ಹಿಡಿದೆ. ಮನುಷ್ಯರ ಜ್ವರದ ಆಚೆಗೆ ಅದಕ್ಕೆ ಅಂಕಿಯೇ ಗೊತ್ತಿಲ್ಲ, ಹಾಗಾಗಿ ಬೆರಳೇ ಗತಿಯಾಯಿತು. ಮುಂದಿನ ಪುಲ್ಲಿಗೆ, ಒಂದೇ ದಿಕ್ಕಿಗೆ ಬಲ ಹಿಡಿಯುವ ಒನ್‌ವೇ ಬೇರಿಂಗ್ ಹಾಕಿದ ಪ್ರಯೋಗವೂ ಆಯಿತು. ತಿರುವಿಗೆ ಕಾರು ಬೆಣ್ಣೆಯಂತೆ ಇಳಿಯಿತು, ಆದರೆ ಬ್ರೇಕ್ ಹಿಂದಿನ ಚಕ್ರಗಳಿಗೆ ಮಾತ್ರ ಸಿಕ್ಕಿ ಸಡಿಲ ಮಣ್ಣಿನಲ್ಲಿ ಪ್ರತಿ ಸಲವೂ ಬುಗುರಿಯಾಯಿತು. ಆ ಬೇರಿಂಗ್ ಈಗ ಡಬ್ಬಿಯಲ್ಲಿದೆ, ಬೇಕಾದವರು ಅರ್ಧ ಬೆಲೆಗೆ ಒಯ್ಯಬಹುದು.

ನನ್ನ ಒಳ್ಳೆಯ ಲ್ಯಾಪ್ ಶಾಫ್ಟಿನಲ್ಲಿ 28.5 ಸೆಕೆಂಡಿನ ಹತ್ತಿರವಿತ್ತು, ಈಗ 27.8. ಇದರಲ್ಲಿ ಕಾರಿನ ಪಾಲೆಷ್ಟು, ಎರಡು ವರ್ಷದ ಕೈಯ ಪಾಲೆಷ್ಟು ಎಂದು ಬಿಡಿಸಲಾಗದಿದ್ದರೂ, ಜಂಪ್ ಇಳಿದು ಬಲಕ್ಕೆ ತಿರುಗುವಲ್ಲಿ ನಾನು ಈಗ ಥ್ರಾಟಲ್ ಬಿಡುವುದಿಲ್ಲ ಎಂಬುದನ್ನು ನೋಡಿದವರೇ ಹೇಳಿದ್ದಾರೆ. ಉದ್ದದ ಮುಂದಿನ ಬೆಲ್ಟಿಗೆ ಮಾತ್ರ ಹಿಂದಿನದರ ಆಯಸ್ಸು ಬಂದಿಲ್ಲ. 25 ಬ್ಯಾಟರಿಗೆ ಅಂಚು ಬಿಚ್ಚಿಕೊಳ್ಳುತ್ತದೆ, ಕವಚದ ಗೋಡೆಗೆ ಎಲ್ಲೋ ಉಜ್ಜುತ್ತಿರಬೇಕು. ಮಳೆ ಬಂದ ಮರುದಿನ ನಾನು ಇಂದಿಗೂ ಹಳೆಯ ಶಾಫ್ಟ್ ಬಗ್ಗಿಯನ್ನೇ ಒಯ್ಯುತ್ತೇನೆ, ಏಕೆಂದರೆ ಒದ್ದೆ ಜೇಡಿ ಆ ಕಿಂಡಿಯನ್ನು ಎರಡೇ ಲ್ಯಾಪಿನಲ್ಲಿ ಮೆತ್ತಿ ಮುಚ್ಚಿಬಿಡುತ್ತದೆ, ಕಿಂಡಿ ಮುಚ್ಚಿದ ಬೆಲ್ಟ್ ಬಗ್ಗಿ ಎಷ್ಟು ದೂರ ಹೋಗುತ್ತದೆಂದು ನೋಡಲು ನಾನು ಈಗಾಗಲೇ ಸಾಕಷ್ಟು ದುಡ್ಡು ಕೊಟ್ಟಿದ್ದೇನೆ.