ಕೀ ಆಫ್ ಮಾಡಿದಾಗ ಸಾಯುತ್ತಿದ್ದ ಬೋರ್ಡು

ರೇಡಿಯೇಟರ್ ಫ್ಯಾನ್ ನಡೆಸಲು ನಾನೇ ಒಂದು ಪುಟ್ಟ ಕಂಟ್ರೋಲರ್ ಬೋರ್ಡ್ ಮಾಡಿ ಗಾಡಿಗೆ ಕೂರಿಸಿದ್ದೆ. ಮೇಜಿನ ಮೇಲೆ ವಾರಗಟ್ಟಲೆ ಓಡಿದ ಬೋರ್ಡು ಗಾಡಿಯಲ್ಲಿ ಮೂರೇ ದಿನಕ್ಕೆ ಸತ್ತಿತು. 12 ವೋಲ್ಟನ್ನು 5 ವೋಲ್ಟ್‌ಗೆ ಇಳಿಸುವ 7805 ರೆಗ್ಯುಲೇಟರ್ ಶಾರ್ಟ್. ಹೊಸದು ಹಾಕಿದೆ, ಅದೂ ಹೋಯಿತು. ಕೀ ಆನ್ ಮಾಡುವಾಗ ಸುಡುತ್ತಿದೆ ಅಂದುಕೊಂಡಿದ್ದೆ. ಸುಡುತ್ತಿದ್ದದ್ದು ಆಫ್ ಮಾಡುವಾಗ.

ಗೊತ್ತಾದದ್ದು ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಇಟ್ಟಾಗಲೇ. ಬೋರ್ಡಿಗೆ ಹೋಗುವ 12 ವೋಲ್ಟ್ ವೈರಿಗೆ ಪ್ರೋಬ್ ಸಿಕ್ಕಿಸಿ ಕೀ ತಿರುಗಿಸಿದೆ. ವೋಲ್ಟೇಜ್ ಸೊನ್ನೆಗೆ ಇಳಿದು ನಿಲ್ಲಲಿಲ್ಲ, ಮೈನಸ್ 80 ದಾಟಿ ಹೋಯಿತು. ಒಂದೆರಡು ಮಿಲಿಸೆಕೆಂಡ್ ಅಷ್ಟೇ, ಆದರೆ ಅಷ್ಟು ಸಾಕು. ಅದೇ ಫ್ಯೂಸಿನ ಲೈನಿನಲ್ಲಿ ಎಸಿ ಕಂಪ್ರೆಸರ್ ಕ್ಲಚ್‌ನ ಕಾಯಿಲ್ (ತಂತಿಯ ಸುರುಳಿ) ಇತ್ತು. ಕಾಯಿಲ್‌ನಲ್ಲಿ ಹರಿಯುವ ಕರೆಂಟು ಥಟ್ಟನೆ ನಿಲ್ಲುವುದಿಲ್ಲ. ಕೀ ದಾರಿ ಮುಚ್ಚಿದರೆ ಬೇರೆ ದಾರಿ ಹಿಡಿಯುತ್ತದೆ. ಇಲ್ಲಿ ಅದಕ್ಕೆ ಸಿಕ್ಕಿದ್ದು ನನ್ನ ಬೋರ್ಡು.

ಹಾಗಾಗಿ ಮೊದಲು ಕಾಯಿಲ್ ಹತ್ತಿರವೇ ಕೈ ಹಾಕಿದೆ. ಕಾಯಿಲ್‌ಗೆ ಅಡ್ಡಲಾಗಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 3 ಆಂಪ್‌ನ 1ಎನ್5408 ಡಯೋಡ್, ಪಟ್ಟೆ ಇರುವ ತುದಿ ಪ್ಲಸ್ ಕಡೆಗೆ. ಕೀ ಆಫ್ ಆದಾಗ ಕಾಯಿಲ್‌ನ ಕರೆಂಟು ಇದರಲ್ಲೇ ಸುತ್ತಿ ಇಳಿಯುತ್ತದೆ. ಫ್ಯಾನ್ ರಿಲೇಗೆ 1ಎನ್4007 ಸಾಕಾಯಿತು.

ಇನ್ನು ಲೋಡ್ ಡಂಪ್. ಎಂಜಿನ್ ತಿರುಗಿಸುವ ಜನರೇಟರ್, ಅಂದರೆ ಆಲ್ಟರ್ನೇಟರ್, ಚಾರ್ಜ್ ಮಾಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಳಚಿದರೆ, ಒಳಗೇ ತಡೆ ಇಲ್ಲದ ಆಲ್ಟರ್ನೇಟರ್ 100 ವೋಲ್ಟ್‌ವರೆಗೂ ಏರಬಹುದು. ಅದೂ ಒಂದೆರಡು ಮಿಲಿಸೆಕೆಂಡ್ ಅಲ್ಲ, 400 ಮಿಲಿಸೆಕೆಂಡ್‌ವರೆಗೆ. ಸಣ್ಣ ಡಯೋಡ್ ಇದನ್ನು ತಾಳುವುದಿಲ್ಲ. ಮಿತಿ ಮೀರಿದ ವೋಲ್ಟೇಜನ್ನು ತಾನೇ ನುಂಗುವ ಟಿವಿಎಸ್ ಡಯೋಡ್, 24 ವೋಲ್ಟ್‌ನ ದೊಡ್ಡದು, ಹಾಕಿದೆ. 24 ಯಾಕೆ ಅಂದ್ರೆ, ಯಾರಾದರೂ ಲಾರಿಯ 24 ವೋಲ್ಟ್ ಬ್ಯಾಟರಿಯಿಂದ ಜಂಪ್ ಸ್ಟಾರ್ಟ್ ಕೊಟ್ಟರೂ ಅದು ಸುಮ್ನೆ ಇರಬೇಕು. ಆದರೆ ಪೂರ್ತಿ ಹೊಡೆತ ಬಿದ್ದಾಗ ಅದು ಹಿಡಿದು ನಿಲ್ಲಿಸುವುದು ಸುಮಾರು 39 ವೋಲ್ಟ್‌ಗೆ. 7805 ತಾಳುವುದು 35 ಮಾತ್ರ! ಟಿವಿಎಸ್ ಹಾಕಿ ನಿಶ್ಚಿಂತೆಯಿಂದ ಇರುವವರು ಈ ಲೆಕ್ಕ ನೋಡಲೇಬೇಕು. ನಾನು 60 ವೋಲ್ಟ್ ತಾಳುವ ರೆಗ್ಯುಲೇಟರ್‌ಗೆ ಬದಲಾಯಿಸಿದೆ.

ಜಾಗವೂ ಮುಖ್ಯ. ಒಂದು ಮೀಟರ್ ವೈರಿಗೆ ಸುಮಾರು 1 ಮೈಕ್ರೋಹೆನ್ರಿ ಇಂಡಕ್ಟೆನ್ಸ್ (ಕರೆಂಟಿನ ದಿಢೀರ್ ಬದಲಾವಣೆಯನ್ನು ತಡೆಯುವ ಗುಣ) ಇರುತ್ತದೆ. ಟಿವಿಎಸ್‌ನ ಕಾಲು, ಗ್ರೌಂಡ್ ದಾರಿ ಉದ್ದವಾದರೆ ವೇಗದ ಸ್ಪೈಕ್ ಅದನ್ನು ದಾಟಿ ಒಳಗೆ ಹೋಗುತ್ತದೆ. ಈಗ ಫ್ಯೂಸ್, ಕನೆಕ್ಟರ್ ಪಕ್ಕದಲ್ಲೇ ಟಿವಿಎಸ್, ಸರಣಿಯಲ್ಲಿ ಒಂದು ಡಯೋಡ್, ಕೆಪಾಸಿಟರ್, ಆಮೇಲೆ ರೆಗ್ಯುಲೇಟರ್.

ಮತ್ತೆ ಸ್ಕೋಪ್ ಇಟ್ಟು ಕೀ ಆಫ್ ಮಾಡಿದೆ. ಲೈನು ಮೈನಸ್ 1 ವೋಲ್ಟ್ ಹತ್ತಿರಕ್ಕೆ ಇಳಿದು ಸುಮ್ಮನಾಯಿತು. ಲೋಡ್ ಡಂಪ್ ಪರೀಕ್ಷೆಗೆ ಮಾತ್ರ ಓಡುತ್ತಿರುವ ಎಂಜಿನ್‌ನ ಬ್ಯಾಟರಿ ಟರ್ಮಿನಲ್ ಕೀಳಬೇಡಿ. ಗಾಡಿಯ ಉಳಿದ ಇಸಿಯುಗಳೂ (ಎಲೆಕ್ಟ್ರಾನಿಕ್ ಕಂಟ್ರೋಲ್ ಪೆಟ್ಟಿಗೆಗಳು) ಅದೇ ಲೈನಿನಲ್ಲಿ ಇರುತ್ತವೆ, ಅಲ್ವಾ?